ಮೋಡದ ದಿನದ ಬಿಸಿಲು

ಎಕಂಬಾದಲ್ಲಿ ಕೋಳಿ ಕೂಗುವ ಮೊದಲು ಸಿದ್ದೇಶ್ವರಿ ಮಾಡಿ ಮುಗಿಸುವ ಕೆಲಸಗಳು ಇವು.

ದಿಂಬಿನ ಕೆಳಗಿನ ಮೊಬೈಲಿನಲ್ಲಿ ಅಲಾರಾಂ ಬಡಿದುಕೊಂಡರೆ, ಗಂಡನ ನಿದ್ದೆ ಕೆಡುವ ಮೊದಲೇ ಅದನ್ನು ಒತ್ತಿ ಸುಮ್ಮನಾಗಿಸುವುದು. ಕುರಿದೊಡ್ಡಿಯ ಬಾಗಿಲು ತೆಗೆದು, ಮಲಗಿದ ಕುರಿಗಳನ್ನು ಒಂದು ಮೂಲೆಗೆ ಸರಿಸಿ, ಹಿಕ್ಕೆ ಗುಡಿಸಿ ಬುಟ್ಟಿಗೆ ತುಂಬಿ ತಿಪ್ಪೆಗೆ ಹೊರುವುದು. ತಾಯಿ ಮೊಲೆಗೆ ಬಿಟ್ಟುಕೊಳ್ಳದ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದು. ನಲ್ಲಿಗೆ ನೀರು ಬಿಡುವುದು ಬೆಳಗಾದ ಮೇಲೆ, ಅಲ್ಲಿಯವರೆಗೆ ಕಾಯುವಂತಿಲ್ಲ, ಆದ್ದರಿಂದ ಊರ ಹೊರಗಿನ ಬೋರಿನಿಂದ ಕೊಡ ಹೊತ್ತು ತರುವುದು. ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಹೊಲದ ಬದುವಿನ ಹುಲ್ಲು ಕೊಯ್ಯುವುದು. ಕತ್ತಲಲ್ಲಿ ಹುಲ್ಲೂ ಬೆರಳೂ ಒಂದೇ ಬಣ್ಣ, ಅವಳ ಎಡಗೈ ಬೆರಳುಗಳೇ ಅದಕ್ಕೆ ಸಾಕ್ಷಿ. ಮನೆಯವರೆಲ್ಲರ ಬಟ್ಟೆ ಒಗೆದು, ಕಣ್ಣಿಗೆ ಕಾಣದ ತಂತಿಯನ್ನು ಕೈಯಲ್ಲಿ ತಡವಿ ಒಣಹಾಕುವುದು. ಅಂಗಳ ಗುಡಿಸಿ ನೀರು ಹೊಡೆಯುವುದು. ಒಲೆ ಹೊತ್ತಿಸಿ ರೊಟ್ಟಿ ಬಡಿಯುವುದು, ಕುರಿ ಹಿಂದೆ ಹೋಗುವ ಮಾವನಿಗೆ ಬುತ್ತಿ ಕಟ್ಟುವುದು.

ಮೂಡಣದಲ್ಲಿ ಬಿಳುಪು ಮೂಡುವಷ್ಟರಲ್ಲಿ ಅವಳು ಒಳಗೆ ಬಂದಿರಬೇಕು. ಬಂದಿರುತ್ತಾಳೆ. ಆಗ ಅತ್ತೆ ಜನಾಬಾಯಿ ಎದ್ದು ಚಹಾ ಕೇಳುತ್ತಾಳೆ.

ಇದು ಯಾರ ಹಟವೂ ಅಲ್ಲ, ಹರಕೆಯೂ ಅಲ್ಲ. ಇದು ಡಾಕ್ಟರು ಹೇಳಿದ ಪಥ್ಯ. ಮನೆಯವರು ಅದನ್ನು ಅರ್ಥ ಮಾಡಿಕೊಂಡ ರೀತಿಯಲ್ಲಿ. ಬೀದರಿನ ಡಾಕ್ಟರು ಸಿದ್ದೇಶ್ವರಿ ಬಿಸಿಲಿಗೆ ಹೋಗಬಾರದು ಎಂದರು. ಮನೆಯವರು ಒಪ್ಪಿದರು. ಬಿಸಿಲಿನಲ್ಲಿ ಮಾಡುತ್ತಿದ್ದ ಅಷ್ಟೂ ಕೆಲಸವನ್ನು ಎತ್ತಿ ಕತ್ತಲಿನಲ್ಲಿ ಇಟ್ಟರು. ಒಂದೇ ಒಂದು ಕೆಲಸವನ್ನೂ ಇನ್ನೊಬ್ಬರ ಕೈಯಲ್ಲಿ ಇಡಲಿಲ್ಲ.

ಸಿದ್ದೇಶ್ವರಿ ಭಾಲ್ಕಿಯ ಹುಡುಗಿ. ಹತ್ತನೆಯ ತರಗತಿ ಪಾಸು. ಮದುವೆಯಾಗಿ ಔರಾದ ತಾಲೂಕಿನ ಈ ಊರಿಗೆ ಬಂದಾಗ ಮನೆಯಲ್ಲಿ ಕುರಿಗಳಿದ್ದವು, ಮಳೆ ನಂಬಿದ ಹೊಲವಿತ್ತು, ಕುರಿ ಕಾಯುವ ಮಾವ ಮಡೆಪ್ಪ ಇದ್ದ, ಜನಾಬಾಯಿ ಇದ್ದಳು, ಗಂಡ ಓಂಪ್ರಕಾಶ ಇದ್ದ. ಮಗಳು ಪೂನಮ ಹುಟ್ಟಿದಳು. ಈಗ ಅವಳು ಎಂಟನೆಯ ತರಗತಿ, ಔರಾದಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ.

ಬೀಮಾರಿ ಶುರುವಾದದ್ದು ಮುಖದಿಂದ. ಮೂಗಿನ ಎರಡೂ ಕಡೆ, ಕೆನ್ನೆಯ ಮೇಲೆ, ಯಾರೋ ಬಿಸಿ ಹಂಚು ತಾಗಿಸಿದಂತೆ ಕೆಂಪು. ಹೊಲದಿಂದ ಬಂದ ದಿನ ಉರಿ, ಮರುದಿನ ಜ್ವರ, ಅದರ ಮರುದಿನ ಬೆರಳು ಮಡಚಲಾಗದಂಥ ಕೀಲುನೋವು. ಓಣಿಯ ಹೆಂಗಸರು ಬಂಗು ಎಂದರು. ಔರಾದಿನ ಔಷಧ ಅಂಗಡಿಯವನು ಓಂಪ್ರಕಾಶನಿಗೆ ಬೆಳ್ಳಗಾಗುವ ಕ್ರೀಮು ಕೊಟ್ಟು ಕಳಿಸಿದ. ಜನಾಬಾಯಿ ಮಾತ್ರ ತನಗೆ ಖಚಿತವಾಗಿ ಗೊತ್ತಿದ್ದ ಮದ್ದು ಮಾಡಿದಳು.

ಕುರಿಗೆ ಕಜ್ಜಿ ಹತ್ತಿದರೆ ಆ ಮನೆಯಲ್ಲಿ ಉಣ್ಣೆ ಕತ್ತರಿಸಿ, ಬೇವಿನೆಣ್ಣೆ ಸವರಿ, ಗೂಟಕ್ಕೆ ಕಟ್ಟಿ ಬಿಸಿಲಿಗೆ ನಿಲ್ಲಿಸುತ್ತಾರೆ. ಕುರಿಗೆ ಗುಣವಾಗುತ್ತದೆ. ಅವರ ಅಜ್ಜ ಮುತ್ತಜ್ಜರೂ ಹಾಗೇ ಮಾಡಿದ್ದು. ಜನಾಬಾಯಿ ಸೊಸೆಯ ಮುಖಕ್ಕೆ, ಕತ್ತಿಗೆ, ತೋಳಿಗೆ ಬೇವಿನೆಣ್ಣೆ ತಿಕ್ಕಿ ಅಂಗಳದಲ್ಲಿ ಕೂರಿಸಿದಳು.

"ಮಾರಿ ಮ್ಯಾಲ ಮಾಡ್ಕೊಂಡು ಕುಂದರು. ಬಿಸಲಿಗಿಂತ ದೊಡ್ಡ ದವಾ ಯಾವದದ? ಕಾಸಿದ್ರ ಎಲ್ಲಾ ಸಾಯ್ತದ."

ಸತ್ತದ್ದು ಬೇರೆ. ವಾರ ಕಳೆಯುವಷ್ಟರಲ್ಲಿ ಸಿದ್ದೇಶ್ವರಿಯ ಕೆನ್ನೆ ಬಾತು ಸಿಪ್ಪೆ ಏಳತೊಡಗಿತು. ಬಾಚಣಿಗೆಗೆ ಕೂದಲು ಗೊಂಚಲಾಗಿ ಬಂತು. ರೊಟ್ಟಿ ಬಡಿಯಲು ಅಂಗೈ ಎತ್ತಿದರೆ ಭುಜದಿಂದ ಬೆರಳ ತುದಿವರೆಗೆ ನೋವು. ರೊಟ್ಟಿ ಬಡಿಯುವುದು ನಿಂತದ್ದರಿಂದಲೇ ಅವಳನ್ನು ಬೀದರಿಗೆ ಕರೆದುಕೊಂಡು ಹೋದರು. ಕೂದಲು ಉದುರಿದ್ದಕ್ಕಲ್ಲ, ಜ್ವರಕ್ಕಲ್ಲ.

ಬೀದರಿನ ಚರ್ಮದ ಡಾಕ್ಟರು ಆಮ್ರಪಾಲಿ ಮೇಡಂ. ಇದೇ ಜಿಲ್ಲೆಯವರು, ನಮ್ಮ ಮಾತೇ ಆಡುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರು, ಕಾಗದಗಳನ್ನು ನೋಡಿದರು, ಲೂಪಸ್ ಎಂಬ ಹೆಸರು ಹೇಳಿದರು. ಆಮೇಲೆ ಓಂಪ್ರಕಾಶನ ಕಡೆಗೆ ತಿರುಗಿ, ಅವನಿಗೆ ತಿಳಿಯುವಂತೆ ವಿವರಿಸಿದರು.

"ನೋಡ್ರಿ, ಎಲ್ಲರ ಚರ್ಮದಾಗೂ ಕಾವಲು ಕಾಯೋ ಕಣ ಇರ್ತಾವ. ಹೊರಗಿಂದ ರೋಗ ಬಂದ್ರ ಹಿಡಿಯೋದು ಅವುಗಳ ಕೆಲಸ. ಬಿಸಲಿನ್ಯಾಗ ಕಣ್ಣಿಗಿ ಕಾಣದ ಒಂದು ಬೆಳಕದ. ಅದು ಬಾಳ ಬಿದ್ರ ಹೆಚ್ಚಿನ ಮಂದಿ ಮೈಯಾಗ ಆ ಕಾವಲಿಗಿ ಮಂಪರು ಹತ್ತಿದಂಗ ಆಗ್ತದ. ಅದಕ್ಕೇ ಕೆಲವು ಚರ್ಮದ ಬೀಮಾರಿ ಬಿಸಲಿಗಿ ತಣ್ಣಗಾಗ್ತಾವ. ಅದಕ್ಕೇ ಮತ್ತ, ಬಿಸಲಾಗ ದುಡದವರಿಗಿ ತುಟಿ ಮ್ಯಾಲ ಗುಳ್ಳಿ ಏಳ್ತಾವ. ಒಳಗ ಮಲಗಿದ್ದ ರೋಗ, ಕಾವಲಿನವ ತೂಕಡಸಲತ್ತಾನ ಅಂತ ನೋಡಿ ಎದ್ದು ಬರ್ತದ."

"ಹೌದ್ರಿ, ನಮ್ಮವ್ವಗ ಹರ ವರ್ಷ ಏಳ್ತಾವ್ರಿ ಗುಳ್ಳಿ" ಎಂದ ಓಂಪ್ರಕಾಶ.

"ಇವರ ಮೈಯಾಗ ಅದು ಉಲ್ಟಾ ಅದ. ಆ ಬೆಳಕು ಬಿದ್ದು ಚರ್ಮದ ಕಣ ಸತ್ತ್ವು ಅಂದ್ರ, ಕಾವಲಿನವು ಸತ್ತಿದ್ದನ್ನ ನೋಡಿ ವೈರಿ ಬಂದಾನ ಅಂತ ತಿಳಿತಾವ. ಮೈಯಾಗಿನ ಕಾವಲೆಲ್ಲಾ ಎಬ್ಬಿಸಿ ಸ್ವಂತ ಮೈನೇ ಕಡಿಲಾಕ ಶುರು ಮಾಡ್ತಾವ. ಮೊದಲ ಮುಖ, ಆಮ್ಯಾಲ ಕೀಲು, ಆಮ್ಯಾಲ ಕಿಡ್ನಿ. ಅದಕ್ಕ ಇವರನ್ನ ಬಿಸಲಿಗಿ ಕಳಸಬ್ಯಾಡ್ರಿ."

"ಅಂದ್ರ ಕಾವಲು ನಾಯಿ ನಮ್ಮ ಕುರಿನೇ ಕಡದಂಗ್ರಿ ಮೇಡಂ."

"ಹಾಂ. ಹಂಗೇ."

ತನಗೆ ಅರ್ಥವಾಯಿತಲ್ಲ ಎಂಬ ಹೆಮ್ಮೆ ಓಂಪ್ರಕಾಶನಿಗೆ. ಬಸ್ಸಿನಲ್ಲಿ ಪಕ್ಕದವನಿಗೆ ಹೇಳಿದ, ಮನೆಗೆ ಬಂದು ಎಲ್ಲರೆದುರು ಹೇಳಿದ. ಜನಾಬಾಯಿ ಕೇಳಿದಳು, "ಕುರಿ ಕಡಿಯೋ ನಾಯಿಗಿ ನಾವು ಏನ್ ಮಾಡ್ತೇವಿ, ಗೊತ್ತದಲ್ಲ?" ಎಲ್ಲರೂ ನಕ್ಕರು. ಹಿಂದೊಮ್ಮೆ ಅಂಥ ನಾಯಿಯನ್ನು ಮಡೆಪ್ಪ ಬಡಿಗೆಯಲ್ಲಿ ಬಡಿದು ಕೊಂದಿದ್ದ. ಸಿದ್ದೇಶ್ವರಿ ಅವರಿಗೆಲ್ಲ ಊಟ ನೀಡುತ್ತ ನಿಂತಿದ್ದಳು. ಯಾರ ಮೈಯ ವಿಷಯಕ್ಕೆ ನಗುತ್ತಿದ್ದರೋ ಅವಳ ಕೈಯಿಂದಲೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಅದೇ ರಾತ್ರಿಯ ಊಟದಲ್ಲಿ ತೀರ್ಮಾನವಾಯಿತು. ಬಿಸಿಲು ಬೀಳುವುದರೊಳಗೆ ಹೊರಗಿನ ಕೆಲಸ ಮುಗಿಸಬೇಕು. ಬಿಸಿಲೇರಿದ ಮೇಲೆ ಒಳಗಿನದು: ಬೀಸುವುದು, ಕುಟ್ಟುವುದು, ಕಾಳು ಹಸನು ಮಾಡುವುದು, ಉಣ್ಣೆ ಬಿಡಿಸುವುದು. "ಅಕಿ ಆರಾಮ ಆಗೋದು ಮುಖ್ಯ" ಎಂದ ಓಂಪ್ರಕಾಶ. ಅಷ್ಟು ಹೇಳಿದ್ದಕ್ಕೇ ಓಣಿಯಲ್ಲಿ ಅವನಿಗೆ ಹೆಂಡತಿಯನ್ನು ಬಲು ಜತನ ಮಾಡುವವ ಎಂಬ ಹೆಸರು ಬಂತು.

ಸಿದ್ದೇಶ್ವರಿಗೂ ಒಂದು ಹೆಸರು ಬಂತು. ಡಾಕ್ಟರು ಕೊಟ್ಟ ಗುಳಿಗೆಗಳಿಂದ ಅವಳ ಮುಖ ಊದಿ ದುಂಡಗಾಗಿತ್ತು. ಬೀಸುಕಲ್ಲಿನ ಮುಂದೆ ಕೂತವಳನ್ನು ಬಾಗಿಲಲ್ಲಿ ನಿಂತು ನೋಡಿದ ಹೆಂಗಸರು, "ಏನ್ ನೆಳ್ಳಿನ ರಾಣೀ, ಕುಂತು ಕುಂತು ತುಂಬಕೊಂಡೀಯಲ್ಲ" ಎಂದರು.

ನೆರಳಿಗೆ ಎಕಂಬಾದಲ್ಲಿ ಕೊರತೆಯಿಲ್ಲ. ಬೇವಿನ ಮರದ ಕಟ್ಟೆಯಿದೆ, ಚಹಾದಂಗಡಿಯ ಮುಂದೆ ತಗಡಿನ ಚಪ್ಪರವಿದೆ. ಮಧ್ಯಾಹ್ನ ಅಲ್ಲಿ ಯಾರು ಕೂತಿದ್ದಾರೆಂದು ಹೋಗಿ ನೋಡಿ. ಓಂಪ್ರಕಾಶ ಕೂತಿರುತ್ತಾನೆ, ಅವನ ಗೆಳೆಯ ಗೋರಖನಾಥ ಕೂತಿರುತ್ತಾನೆ, ಇಸ್ಪೀಟು ಹರಡಿರುತ್ತದೆ. ಕುರಿ ಬಿಟ್ಟುಕೊಂಡು ಹೋದ ಮಡೆಪ್ಪನೂ ಜಾಲಿಗಿಡದ ಬುಡದಲ್ಲಿ ಕಂಬಳಿ ಹಾಸಿರುತ್ತಾನೆ. ಆರೋಗ್ಯವಂತ ಚರ್ಮದ ಈ ಗಂಡಸರನ್ನು ನೆರಳಿನ ರಾಜರೆಂದು ಯಾರೂ ಕರೆದಿಲ್ಲ. ಅವರಿಗೆ ನೆರಳಲ್ಲಿ ಕೂರಲು ಡಾಕ್ಟರ ಚೀಟಿ ಬೇಕಾಗಿಲ್ಲ.

ಕಳೆದ ಮಳೆಗಾಲದಲ್ಲಿ ಸೋಯಾ ಹೊಲದಲ್ಲಿ ಕಳೆಯ ಕಸ ಎದ್ದಿತು. ಕಸ ತೆಗೆಯುವುದು ಕತ್ತಲಲ್ಲಿ ಮಾಡುವ ಕೆಲಸವಲ್ಲ. ಕಳೆ ಕೀಳುವ ಖುರಪಿ ಹಿಡಿದು ಕುಕ್ಕರುಗಾಲಲ್ಲಿ ಕೂತು ಸಾಲಿನಿಂದ ಸಾಲಿಗೆ ಸರಿಯುವಾಗ ಬೆಳೆ ಯಾವುದು, ಕಸ ಯಾವುದು ಎಂದು ಕಣ್ಣಿಗೆ ಕಾಣಬೇಕು. ಅದು ಹೆಂಗಸರ ಕೆಲಸ ಕೂಡ. ಎಕಂಬಾದಲ್ಲಿ ಗಂಡಸು ಟ್ರ್ಯಾಕ್ಟರು ಹೊಡೆಯುತ್ತಾನೆ, ಔಷಧ ಸಿಂಪಡಿಸುತ್ತಾನೆ, ಖುರಪಿ ಮುಟ್ಟುವುದಿಲ್ಲ. ಮುಟ್ಟಬಾರದೆಂದು ಎಲ್ಲೂ ಬರೆದಿಲ್ಲ, ಆದರೂ ಮುಟ್ಟುವುದಿಲ್ಲ.

ಅವತ್ತು ಬೆಳಗಾದರೂ ಸೂರ್ಯ ಕಾಣಲಿಲ್ಲ. ಬೂದಿ ಬಣ್ಣದ ಮೋಡ ಆಕಾಶದ ತುಂಬ ಹಾಸಿತ್ತು. ಜನಾಬಾಯಿ ಸೊಸೆಯನ್ನು ಅಂಗಳಕ್ಕೆ ಕರೆದಳು.

"ನಡಿ, ಇವತ್ತ ನೀನೂ ಬಾ. ಮ್ವಾಡ ಮುಚ್ಚ್ಯಾದ."

"ಡಾಕ್ಟರ ಬ್ಯಾಡ ಅಂದಾರಲ್ಲ ಅತ್ತಿ."

"ಏನ್ ಬ್ಯಾಡ ಅಂದಾರ? ಬಿಸಲು ಬ್ಯಾಡ ಅಂದಾರ. ಬಿಸಲೆಲ್ಲದ, ತೋರಸು. ಕೆಳಗ ನೋಡು, ನಿನ್ನ ನೆಳ್ಳು ಬೀಳಲತ್ತದೇನ? ನೆಳ್ಳೇ ಇಲ್ಲ ಅಂದ ಮ್ಯಾಲ ಬಿಸಲು ಎಲ್ಲಿಂದ ಬಂತು?"

ಸಿದ್ದೇಶ್ವರಿ ಕೆಳಗೆ ನೋಡಿದಳು. ನೆರಳು ಬಿದ್ದಿರಲಿಲ್ಲ.

ಹಲ್ಲುಜ್ಜುತ್ತ ನಿಂತಿದ್ದ ಓಂಪ್ರಕಾಶ ಉಗುಳಿ ಹೇಳಿದ. "ಅವ್ವ ಅನ್ನೋದು ಖರೇ ಅದ. ಡಾಕ್ಟರ ಬಿಸಲು ಅಂದಾರ, ಮ್ವಾಡ ಅಂದಿಲ್ಲ. ನಾನೇ ಕೇಳೀನಿ ಕಿವಿಯಾರೆ."

ಅವಳೂ ನಂಬಿದಳು. ನಂಬದೇ ಇರಲು ಅವಳ ಹತ್ತಿರ ಏನಿತ್ತು? ಡಾಕ್ಟರು ಮಾತಾಡಿದ್ದು ಗಂಡನ ಜೊತೆ. ಅವಳ ರೋಗ ಅವಳಿಗೆ ತಲುಪಿದ್ದು ಅವನ ಬಾಯಿಂದ, ಅವನು ನೆನಪಿಟ್ಟುಕೊಂಡಷ್ಟು. ಬಹಳ ದಿನದ ಮೇಲೆ ಹಗಲಿನಲ್ಲಿ ಹೊಲ ನೋಡಿದ ಖುಷಿಯೂ ಅವಳಿಗಿತ್ತು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ಹಾಕಿಕೊಂಡಿದ್ದಳು. ಸೆಖೆಗೆ ತೋಳು ಮೇಲಕ್ಕೆ ಮಡಚಿದಳು, ತಲೆಯ ಮೇಲಿನ ಸೆರಗು ಇಳಿಸಿದಳು. ಆ ದಿನ ಹೋದಳು. ಮರುದಿನವೂ ಮೋಡವಿತ್ತು, ಹೋದಳು. ಇಡೀ ಹೊಲದ ಕಸ ಮುಗಿಯುವವರೆಗೂ ಮೋಡ ಅವರ ಪರವಾಗಿಯೇ ಇತ್ತು. ಬೆಳಗಿನ ಕತ್ತಲ ಕೆಲಸಗಳೂ ಇದ್ದೇ ಇದ್ದವು. ಅವುಗಳಿಂದ ಬಿಡುಗಡೆ ಎಂದು ಯಾರೂ ಹೇಳಿರಲಿಲ್ಲ.

ಕಸ ಮುಗಿಯಿತು, ಅವಳು ಹಾಸಿಗೆ ಹಿಡಿದಳು. ಮುಖದ ಮೇಲೆ ಕೆಂಪು ಮತ್ತೆ ರೆಕ್ಕೆ ಬಿಚ್ಚಿತು. ಈ ಸಲ ಕಾಲು ಬಾತವು, ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಮೂತ್ರದಲ್ಲಿ ನೊರೆ. ಒಂದು ಮುಂಜಾನೆ ಕಣ್ಣುರೆಪ್ಪೆ ಬಾತು ಕಣ್ಣೇ ತೆರೆಯಲಾಗಲಿಲ್ಲ. "ಅಕಿ ಕೈಲೆ ರೊಟ್ಟಿ ಆಗಲ್ದು" ಎಂದಳು ಜನಾಬಾಯಿ. ಮತ್ತೆ ಬೀದರು.

ಮೂತ್ರ ಪರೀಕ್ಷೆಯ ಕಾಗದ ನೋಡಿದ ಡಾಕ್ಟರು ದನಿ ಏರಿಸಿದರು. "ಬಿಸಲಿಗಿ ಕಳಸಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ ನಿಮಗ?"

"ಕಳಿಸಿಲ್ರಿ ಮೇಡಂ, ದೇವರಾಣಿ. ಸೂರ್ಯ ಹುಟ್ಟೂದ್ರಾಗ ಎಲ್ಲಾ ಮುಗಸ್ತಾಳ್ರಿ. ಹೊಲಕ್ಕ ಹೋಗಿದ್ದು ಮ್ವಾಡ ಇದ್ದಾಗ ಅಷ್ಟೇ. ಒಂದಿನಾನೂ ಬಿಸಲಿರಲಿಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬಿಸಲು ಅಂದ್ರ ಬರೇ ಬಿಸಿ ಅಲ್ರೀ. ಅದರಾಗಿನ ನೇರಳಾತೀತ ಕಿರಣ ಇವರಿಗಿ ವಿಷ. ಅದು ಬಿಸೀನೂ ಇರಂಗಿಲ್ಲ, ಕಣ್ಣಿಗೂ ಕಾಣಂಗಿಲ್ಲ. ಮ್ವಾಡ ದಾಟಿ ಬರ್ತದ. ಗಿಡದ ಬುಡಕ ಕುಂತ್ರ ಕಡಿಮಿ ಆಗ್ತದ ಖರೇ, ಆದ್ರ ಅಲ್ಲಿಗೂ ಒಂದಿಷ್ಟು ಸುತ್ತಲಿಂದ ಬಂದೇ ಬರ್ತದ."

ಸಿದ್ದೇಶ್ವರಿ ತಲೆಯೆತ್ತಿದಳು. "ನೆಳ್ಳು ದಾಟಿ ಬರ್ತದೇನ್ರಿ?"

"ಹಾಂ, ಬರ್ತದ."

ಅವಳು ನಗತೊಡಗಿದಳು. ಬಾತ ರೆಪ್ಪೆಗಳ ನಡುವಿನಿಂದ ನೀರು ಸುರಿಯುವಷ್ಟು, ಹೊರಗಿನ ಬೆಂಚಿನಲ್ಲಿದ್ದವರು ಇಣುಕಿ ನೋಡುವಷ್ಟು ನಕ್ಕಳು. ಓಂಪ್ರಕಾಶ ಅವಳ ಮೊಣಕೈ ತಿವಿದ.

ಭಾಲ್ಕಿಯ ಸಾಲೆಯಲ್ಲಿ ಸುಶೀಲಕುಮಾರ ಸರ್ ವಿಜ್ಞಾನ ಹೇಳುತ್ತಿದ್ದರು. ನೇರಳಾತೀತ ಕಿರಣ ಎಂದರೇನು ಎಂದು ಅವರು ಕೇಳಿದ ದಿನ ಕೈ ಎತ್ತಿದ್ದು ಸಿದ್ದೇಶ್ವರಿ ಒಬ್ಬಳೇ. "ನೆಳ್ಳು ದಾಟಿ ಬರೋ ಕಿರಣ ಸರ್." ಅವಳ ಕಿವಿಗೆ ಅದು ಮೊದಲಿನಿಂದಲೂ ನೆರಳಾತೀತವೆಂದೇ ಕೇಳಿಸಿತ್ತು. ಸರ್ ಹೊಟ್ಟೆ ಹಿಡಿದು ನಕ್ಕರು. "ನೆರಳಲ್ಲವ್ವಾ ತಾಯಿ, ನೇರಳೆ! ನೇರಳೆ ಹಣ್ಣು ತಿಂದೀಯಿಲ್ಲ? ಆ ಬಣ್ಣದ ಆಚಿಗಿರೋದು." ಅವತ್ತಿನಿಂದ ಹತ್ತನೆಯ ತರಗತಿ ಮುಗಿಯುವವರೆಗೆ ಹುಡುಗರು ಅವಳನ್ನು ನೆಳ್ಳವ್ವ ಎಂದೇ ಕರೆದರು. ಅವಳು ಮತ್ತೆ ತರಗತಿಯಲ್ಲಿ ಕೈ ಎತ್ತಲಿಲ್ಲ. ಪದ ತಪ್ಪಿತ್ತು, ಸರ್ ತಿದ್ದಿದ್ದು ಸರಿಯೇ. ಆದರೆ ಆ ಕಿರಣ ನಿಜವಾಗಿ ಏನು ಮಾಡುತ್ತದೆಂದು ಯಾರಾದರೂ ಅವತ್ತೇ ಹೇಳಿದ್ದರೆ?

ನಗು ನಿಂತ ಮೇಲೆ ಅವಳಲ್ಲಿ ಉಳಿದದ್ದು ಸಿಟ್ಟು. ಅದು ಮೊದಲು ಎದುರಿಗಿದ್ದವರ ಮೇಲೆ ಬಿತ್ತು.

"ಇದನ್ನ ಹೋದ ಸಲ ನಂಗ ಯಾಕ ಹೇಳಲಿಲ್ಲ ಮೇಡಂ? ಬೀಮಾರಿ ನಂದು. ನೀವು ಇವರ ಮಾರಿ ನೋಡಿ ಮಾತಾಡಿದ್ರಿ. ನಾ ಇಲ್ಲೇ ಕುಂತಿದ್ದೆ."

"ಏ, ಸುಮ್ಮನಿರು" ಎಂದ ಓಂಪ್ರಕಾಶ.

ಡಾಕ್ಟರು ಕುರ್ಚಿ ಎಳೆದು ಅವಳ ಎದುರಿಗೇ ಹಾಕಿಕೊಂಡರು. "ಈಗ ನಿಮಗೇ ಹೇಳ್ತೇನಿ. ಕಿಡ್ನಿಗಿ ಪೆಟ್ಟು ಬಿದ್ದದ. ದವಾ ಜೋರು ಮಾಡಿದ್ರ ವಾಪಸ್ ಬರೋ ಹಂತದಾಗದ. ಮತ್ತೊಂದು ಮಳಿಗಾಲ ಹಿಂಗೇ ಆಯ್ತಂದ್ರ ಬರ್ತದಂತ ನಾ ಹೇಳಲ್ಲ. ಬೆಳಕು ಇರೋತನಕ ಹೊರಗಿನ ಕೆಲಸ ಬ್ಯಾಡ, ಮ್ವಾಡ ಇರ್ಲಿ, ಬಿಡ್ಲಿ. ಹೊರಗ ಬಂದ್ರ ತುಂಬು ತೋಳು, ಛತ್ರಿ, ಮುಲಾಮು. ಮತ್ತ ನಿದ್ದಿ ಬೇಕು. ನಿದ್ದಿ ಎಷ್ಟ ಮಾಡ್ತೀರಿ?"

"ಆರಾಮ ಮಲಗ್ತಾಳ್ರಿ" ಎಂದ ಓಂಪ್ರಕಾಶ.

"ಅವರಿಗಿ ಕೇಳಲತ್ತೀನಿ."

ಸಿದ್ದೇಶ್ವರಿ ಹೇಳಿದಳು. ಹಿಕ್ಕೆ, ಕೊಡ, ಟಾರ್ಚು, ತಂತಿ, ಎಲ್ಲವನ್ನೂ. ಡಾಕ್ಟರು ಓಂಪ್ರಕಾಶನನ್ನು ನೋಡಿದರು. ಅವನು ಗೋಡೆಯ ಕ್ಯಾಲೆಂಡರು ನೋಡಿದ.

ಅವತ್ತೇ ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಅಲ್ಲಿಂದ ಬಿಟ್ಟ ಮೇಲೆ ವಿಶ್ರಾಂತಿಗೆಂದು ಅವಳನ್ನು ಭಾಲ್ಕಿಗೆ ಕಳಿಸಿದರು. ತವರಿನಲ್ಲಿ ಅಣ್ಣ ಶಿವರಾಜಪ್ಪ, ಅವನ ಹೆಂಡತಿ ಅಂದರೆ ವೈನಿ, ಹಾಸಿಗೆ ಹಿಡಿದ ತಾಯಿ. ಸಿದ್ದೇಶ್ವರಿ ಒಳಕೋಣೆಯಲ್ಲಿ ಮಲಗಿದಳು. ಬೆಳಗಾದ ಮೇಲೂ ಮಲಗಿದಳು. ಮದುವೆಯಾದ ಮೇಲೆ ಹೀಗೆ ಮಲಗಿದ್ದೇ ಇಲ್ಲ. ಹೊರಗೆ ವೈನಿ ತೊಳೆಯುವ ಪಾತ್ರೆಯ ಸದ್ದು ದಿನದಿಂದ ದಿನಕ್ಕೆ ಜೋರಾಯಿತು.

ಒಂದು ದಿನ ಊಟ ತಂದಿಟ್ಟ ವೈನಿ ಬಾಗಿಲಲ್ಲೇ ನಿಂತಳು. "ಸಿಟ್ಟಾಗಬ್ಯಾಡ್ರಿ ಸಿದ್ದೇಶ್ವರಿ. ನಿಮಗ ನೆಳ್ಳು ಬೇಕು, ಖರೇ ಅದ. ಆದ್ರ ನಿಮ್ಮ ನೆಳ್ಳು ನನ್ನ ಬೆನ್ನ ಮ್ಯಾಲ ಬಿದ್ದದ."

ಸಿದ್ದೇಶ್ವರಿಗೆ ಸಿಟ್ಟು ಬರಲಿಲ್ಲ. ವೈನಿಯ ಕೈ ನೋಡಿದಳು. ಸೋಪಿನಲ್ಲಿ ನೆನೆದು ಬೆರಳ ಸಂದಿ ಸೀಳಿದ್ದವು. ಮನೆಯಲ್ಲಿ ಒಬ್ಬ ಹೆಂಗಸು ಎದ್ದು ಹೋದ ಜಾಗದಲ್ಲಿ ಇನ್ನೊಬ್ಬ ಹೆಂಗಸನ್ನೇ ಕೂರಿಸುತ್ತಾರೆ. ಪಡಸಾಲೆಯಲ್ಲಿ ಟಿವಿ ಮುಂದೆ ಕಾಲು ಚಾಚಿದ ಶಿವರಾಜಪ್ಪನ ಬೆನ್ನ ಮೇಲೆ ಯಾರ ನೆರಳೂ ಬಿದ್ದಿರಲಿಲ್ಲ. ಮರುದಿನ ಅವಳು ಸಂಜೆಯ ಬಸ್ಸು ಹತ್ತಿ ಎಕಂಬಾಕ್ಕೆ ಹೊರಟಳು.

ಚಳಿಗಾಲ, ಬೇಸಿಗೆ ಕಳೆದವು. ಗುಳಿಗೆಗಳು ಕೆಲಸ ಮಾಡಿದವು, ಕಾಲ ಬಾವು ಇಳಿಯಿತು, ಮೂತ್ರದ ನೊರೆ ಕಡಿಮೆಯಾಯಿತು. ಡಾಕ್ಟರು ಹೇಳಿದ ಮುಲಾಮನ್ನು ಹಚ್ಚಿಕೊಂಡರೆ "ಕುರಿ ದೊಡ್ಡಿಗಿ ಹೋಗ್ಲಾಕ ಪೌಡರ್ ಹಚ್ಕೊಂಡಾಳ" ಎಂಬ ಮಾತು ಕೇಳುತ್ತಿತ್ತು. ಹಚ್ಚಿಕೊಂಡಳು. ಕಿಟಕಿಗೆ ಹಳೆಯ ಕೌದಿ ಇಳಿಬಿಟ್ಟಳು. ಆದರೆ ಅಲಾರಾಂ ಮಾತ್ರ ಹಾಗೇ ಇತ್ತು, ಕತ್ತಲ ಕೆಲಸ ಒಂದೂ ಕಡಿಮೆಯಾಗಲಿಲ್ಲ.

ಈ ವರ್ಷವೂ ಮಳೆ ಬಂತು. ಸೋಯಾ ಎದ್ದಿತು, ಅದರ ಜೊತೆ ಕಸ ಎದ್ದಿತು. ಮೋಡ ಬಂದು ಕೂತಿತು.

ಜನಾಬಾಯಿಯ ತುಟಿಯ ಮೇಲೆ ಗುಳ್ಳೆಗಳ ಗುಂಪು ಎದ್ದಿತ್ತು. ಅದಕ್ಕೆ ತುಪ್ಪ ಸವರಿಕೊಂಡು, ಎರಡು ಖುರಪಿ ಹಿಡಿದು ಹೊಸ್ತಿಲಿಗೆ ಬಂದಳು. ಪೂನಮ ಸಾಲೆಯ ಬಟ್ಟೆ ಹಾಕಿಕೊಂಡು ಜಡೆ ಕಟ್ಟುತ್ತಿದ್ದಳು. ಓಂಪ್ರಕಾಶ ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಸಿದ್ದೀ, ಬರ್ತೀಯೇನ?"

"ಇಲ್ಲತ್ತಿ. ಮ್ವಾಡ ಇದ್ರೂ ಬ್ಯಾಡ ಅಂದಾರ. ಈ ಸಲ ನನ್ನ ಮುಂದೇ ಅಂದಾರ."

"ಹಂಗಾದ್ರ ಪೂನಮ ಬರ್ತಾಳ. ಕಸ ಮುಗಿಯೋತನಕ ಸಾಲಿ ಬ್ಯಾಡ."

ಪೂನಮಳ ಕೈ ಜಡೆಯಲ್ಲೇ ನಿಂತಿತು.

"ಪೂನಮ ಸಾಲಿಗಿ ಹೋಗ್ತಾಳ" ಎಂದಳು ಸಿದ್ದೇಶ್ವರಿ.

"ನೀನೂ ಇಲ್ಲ, ಅಕಿನೂ ಇಲ್ಲ. ಮತ್ತ ಕಸ ಯಾರು, ನಿಮ್ಮಪ್ಪ ಬಂದು ತೆಗಿತಾನೇನ?" ಜನಾಬಾಯಿಯ ತುಟಿ ಒಡೆದು ರಕ್ತ ಜಿನುಗಿತು, ಸೆರಗಿನ ತುದಿಯಿಂದ ಒರೆಸಿಕೊಂಡಳು. "ನಂಗೂ ಬಿಸಲು ಹತ್ತದ. ನೋಡು ಬಾಯಿ ನಂದು, ಖಾರ ತಿನ್ನಂಗಿಲ್ಲ, ನೀರು ಕುಡಿಯಂಗಿಲ್ಲ. ನಾ ಯಾವ ಡಾಕ್ಟರಿಗಿ ಹೇಳ್ಲಿ? ನಾ ಯಾವತ್ತರ ಕುಂತೀನೇನ?"

ಅದು ಸುಳ್ಳಲ್ಲ ಎಂದು ಸಿದ್ದೇಶ್ವರಿಗೆ ಗೊತ್ತಿತ್ತು. ಆ ಗುಳ್ಳೆಗಳು ಎಲ್ಲಿಂದ ಬಂದವೆಂದೂ ಈಗ ಗೊತ್ತಿತ್ತು. ಆ ಮನೆಯಲ್ಲಿ ಬೆಳಕು ಇಬ್ಬರ ಚರ್ಮ ತಿನ್ನುತ್ತಿತ್ತು, ಇಬ್ಬರೂ ಹೆಂಗಸರು.

"ನೀವೂ ಕುಂದರ್ರಿ ಅತ್ತಿ. ಇವರು ಹೋಗ್ಲಿ." ಅವಳು ಓಂಪ್ರಕಾಶನ ಕಡೆ ತೋರಿಸಿದಳು.

ಓಂಪ್ರಕಾಶ ಚಹಾ ನೆತ್ತಿಗೇರಿ ಕೆಮ್ಮಿದ. ಜನಾಬಾಯಿಗೆ ಹರಿದ ತುಟಿಯಲ್ಲೂ ನಗು ಬಂತು. "ಗಂಡಸು ಖುರಪಿ ಹಿಡಿತಾನೇನ? ಊರಾಗ ಮಾರಿ ತೋರಸಬೇಕಿಲ್ಲೋ?"

"ಅತ್ತಿ ಸೊಸಿ ನೀವೇ ನೋಡ್ಕೋರಿ. ನಡುವ ನನ್ನ ಯಾಕ ಎಳಿತೀರಿ?" ಎಂದು ಅವನು ಎದ್ದ. ಹೊಸ ಅಂಗಿ ಹಾಕಿಕೊಂಡು ಕಟ್ಟೆಯ ಕಡೆ ನಡೆದ. ಹೊಲಕ್ಕೆ ಹಾಕುವ ಹಳೆಯ ಅಂಗಿ ಗೂಟಕ್ಕೆ ನೇತಾಡುತ್ತಿತ್ತು.

ಜನಾಬಾಯಿ ಒಂದು ಖುರಪಿಯನ್ನು ಹೊಸ್ತಿಲ ಮೇಲೆ ಇಟ್ಟಳು. "ಇಬ್ಬರಾಗ ಒಬ್ಬರು ತಗೊಂಡು ಬರ್ರಿ. ಬರಲಿಲ್ಲ ಅಂದ್ರ ಇವತ್ತ ಈ ಮನ್ಯಾಗ ಒಲಿ ಹತ್ತಂಗಿಲ್ಲ." ಇನ್ನೊಂದನ್ನು ಹಿಡಿದು ಹೋದಳು.

ಪೂನಮ ಪಿಸುಗುಟ್ಟಿದಳು. "ಅವ್ವಾ, ನಾ ಸಾಲಿಗಿ ಹೋದ್ರ ಆಯಿ ನಿನ್ನ ಒಯ್ತಾಳ."

"ನಾನೂ ಹೋಗಂಗಿಲ್ಲ."

"ಮತ್ತ ಯಾರು ಹೋಗ್ತಾರ?"

"ಬಸ್ ಬರ್ತದ, ನಡಿ."

"ಬಾಳ ಬೈತಾರವ್ವಾ."

"ಬೈಲಿ. ಬೈಗುಳ ಚರ್ಮದ ಒಳಗ ಹೋಗಂಗಿಲ್ಲ. ನಡಿ."

ಬಸ್ಸಿನ ಹಾರ್ನು ಕೇಳಿತು, ಪೂನಮ ಓಡಿದಳು. ಮನೆಯಲ್ಲಿ ಉಳಿದವಳು ಸಿದ್ದೇಶ್ವರಿ ಒಬ್ಬಳೇ, ಹೊಸ್ತಿಲ ಮೇಲೆ ಖುರಪಿ.

ಅವಳು ಬಾಗಿಲೊಳಗೆ ನಿಂತು ಅಂಗಳ ನೋಡಿದಳು. ಮೋಡ ಎಷ್ಟು ದಟ್ಟವಾಗಿತ್ತೆಂದರೆ ಹಗಲೇ ಸಂಜೆಯಂತಿತ್ತು. ಒಂದು ದಿನ ಹೋದರೆ ಏನಾಗುತ್ತದೆ? ತುಂಬು ತೋಳಿನ ಅಂಗಿ ಇದೆ, ಮುಲಾಮು ಇದೆ. ಹೋದರೆ ಸಂಜೆ ರಂಪವಿಲ್ಲ, ಪೂನಮಳ ಸಾಲೆಯ ಮಾತು ಮತ್ತೆ ಏಳುವುದಿಲ್ಲ, ಮುದುಕಿ ಒಬ್ಬಳೇ ಸಾಲು ಎಳೆಯುವುದು ತಪ್ಪುತ್ತದೆ. ಹೋಗದಿದ್ದರೆ ಸೋಯಾವನ್ನು ಕಸ ನುಂಗುತ್ತದೆ, ಊರು ಇವಳ ಹೆಸರು ಹೇಳಿ ಉಗುಳುತ್ತದೆ. ಇಷ್ಟನ್ನೂ ಅವಳು ಯೋಚಿಸಿದಳು. ಬಾಗಿ ಖುರಪಿಯನ್ನು ಕೈಗೂ ತೆಗೆದುಕೊಂಡಳು. ಹಿಡಿಯ ಕಟ್ಟಿಗೆ ಅವಳ ಅಂಗೈಯ ಆಕಾರಕ್ಕೇ ಸವೆದಿತ್ತು.

ಆಮೇಲೆ ಅಂಗಳದ ನೆಲ ನೋಡಿದಳು. ತುಳಸಿಕಟ್ಟೆಗೆ ನೆರಳಿಲ್ಲ, ಗೂಟಕ್ಕೆ ನೆರಳಿಲ್ಲ, ಕಟ್ಟಿದ ಮರಿಗೂ ಇಲ್ಲ. ಆದರೂ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಕಾಣಬೇಕಾದರೆ ಬೆಳಕು ಬಿದ್ದಿರಲೇಬೇಕು.

ಖುರಪಿ ಹಿಡಿದು ಒಳಗೆ ಬಂದಳು. ಓಂಪ್ರಕಾಶನ ಹಳೆಯ ಅಂಗಿ ತೂಗುತ್ತಿದ್ದ ಗೂಟಕ್ಕೆ, ಆ ಅಂಗಿಯ ಮೇಲೆಯೇ, ಅದನ್ನು ಸಿಕ್ಕಿಸಿದಳು. ಬಾಗಿಲು ಮುಂದೆ ಮಾಡಿದಳು. ಒಲೆಯ ಮೇಲಿನ ಹಂಚು ತಣ್ಣಗಿತ್ತು, ಮುಟ್ಟಲಿಲ್ಲ. ದಿಂಬಿನ ಕೆಳಗಿನಿಂದ ಮೊಬೈಲು ತೆಗೆದು, ನಸುಕಿನ ಅಲಾರಾಂ ಹುಡುಕಿ, ಅಳಿಸಿಹಾಕಿದಳು. ಕುರಿಗಳು ನಾಳೆ ಹಿಕ್ಕೆಯಲ್ಲೇ ಮಲಗಿರುತ್ತವೆ. ಕೊಡ ಖಾಲಿ ಇರುತ್ತದೆ. ಎದ್ದವರು ನೋಡಿಕೊಳ್ಳಲಿ.

ಕಿಟಕಿಯ ಕೌದಿಯನ್ನು ಅಂಚಿನವರೆಗೂ ಎಳೆದು ಅವಳು ಚಾಪೆಯ ಮೇಲೆ ಮಲಗಿದಳು. ಹೊಲದಲ್ಲಿ ಈಗ ಕಸ ಬೆಳೆಯುತ್ತಿರುತ್ತದೆ ಎಂಬುದು ನೆನಪಾಯಿತು.

"ಬೆಳೀಲಿ" ಎಂದಳು, ಯಾರೂ ಇಲ್ಲದ ಮನೆಯಲ್ಲಿ, ಗಟ್ಟಿಯಾಗಿಯೇ.